ಅಕ್ರಿಲಿಕ್ ಕಂಪ್ಯೂಟರ್ ಕ್ಯಾಬಿನೆಟ್

ಅಕ್ರಿಲಿಕ್ ಕಂಪ್ಯೂಟರ್ ಕ್ಯಾಬಿನೆಟ್ ಎಂಬುದು ಪಾರದರ್ಶಕ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆಗಳಿಂದ ನಿರ್ಮಿಸಲಾಗುವ ಗಣಕಯಂತ್ರದ ಹೊರಕವಚ. ಮದರ್‌ಬೋರ್ಡ್, ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್, ಫ್ಯಾನು ಮೊದಲಾದ ಭಾಗಗಳನ್ನು ಇದು ಹೊರಗಿನಿಂದ ಕಾಣುವಂತೆ ಹಿಡಿದಿಡುತ್ತದೆ. ಆಡುಮಾತಿನಲ್ಲಿ ಈ ಪೆಟ್ಟಿಗೆಯನ್ನೇ ‘ಸಿಪಿಯು’ ಎಂದು ಕರೆಯುವುದುಂಟು. ವಾಸ್ತವವಾಗಿ ಸಿಪಿಯು ಎಂಬುದು ಮದರ್‌ಬೋರ್ಡಿನ ಮೇಲಿರುವ ಸಂಸ್ಕಾರಕ ಚಿಪ್ಪಿನ ಹೆಸರು.

ಅಕ್ರಿಲಿಕ್ ಹಾಳೆಯನ್ನು ಕತ್ತರಿಸುವುದು, ಕೊರೆಯುವುದು ಮತ್ತು ಬಾಗಿಸುವುದು ಸುಲಭವಾದ್ದರಿಂದ ಹವ್ಯಾಸಿಗಳು ಮತ್ತು ವಿದ್ಯಾರ್ಥಿಗಳು ಇಂತಹ ಕ್ಯಾಬಿನೆಟ್‌ಗಳನ್ನು ಸ್ವತಃ ತಯಾರಿಸಿಕೊಳ್ಳುತ್ತಾರೆ. ಆದರೆ ಉಕ್ಕಿನ ಕ್ಯಾಬಿನೆಟ್ ತನ್ನಷ್ಟಕ್ಕೆ ಒದಗಿಸುವ ಭೂಸಂಪರ್ಕದ ಕೊಂಡಿ, ವಿದ್ಯುತ್ಕಾಂತೀಯ ತಡೆ, ಬೆಂಕಿಯ ತಡೆ ಮತ್ತು ಬಿಗಿತ ಈ ನಾಲ್ಕೂ ಅಕ್ರಿಲಿಕ್‌ನಲ್ಲಿ ಇಲ್ಲ. ಇವುಗಳಿಗೆ ಬದಲಿ ವ್ಯವಸ್ಥೆ ಮಾಡುವುದೇ ಇದರ ನಿರ್ಮಾಣದ ಮುಖ್ಯ ಭಾಗ.

ಇತಿಹಾಸ

ಅಕ್ರಿಲಿಕ್‌ನ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಜರ್ಮನಿಯ ಓಟೊ ರೋಮ್ ಇದನ್ನು 1933ರಲ್ಲಿ ‘ಪ್ಲೆಕ್ಸಿಗ್ಲಾಸ್’ ಎಂಬ ವ್ಯಾಪಾರನಾಮದಲ್ಲಿ ನೋಂದಾಯಿಸಿದರು. ಬ್ರಿಟನ್ನಿನಲ್ಲಿ ಇದು ‘ಪರ್ಸ್‌ಪೆಕ್ಸ್’ ಎಂಬ ಹೆಸರಿನಲ್ಲಿ ಪ್ರಚಲಿತವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನಗಳ ಕಿಟಕಿ ಹಾಗೂ ಚಾಲಕನ ಕೋಣೆಯ ಪಾರದರ್ಶಕ ಮೇಲ್ಗವಸುಗಳಿಗೆ ಅದನ್ನು ವ್ಯಾಪಕವಾಗಿ ಬಳಸಲಾಯಿತು.

ಗಣಕಯಂತ್ರಗಳ ಒಳಭಾಗವನ್ನು ಹೊರಗೆ ತೋರಿಸುವ ಒಲವು 1990ರ ದಶಕದ ಕೊನೆಯಲ್ಲಿ ಬೆಳೆಯಿತು. 1998ರಲ್ಲಿ ಬಂದ ಆಪಲ್ ಸಂಸ್ಥೆಯ ಐಮ್ಯಾಕ್ ಜಿ3 ಅರೆಪಾರದರ್ಶಕ ಕವಚವನ್ನು ಹೊಂದಿತ್ತು. ಅದು ಅಕ್ರಿಲಿಕ್ ಅಲ್ಲ, ಪಾಲಿಕಾರ್ಬೊನೇಟ್. ಅದೇ ಕಾಲದಲ್ಲಿ ಹವ್ಯಾಸಿಗಳು ಉಕ್ಕಿನ ಕ್ಯಾಬಿನೆಟ್ಟಿನ ಪಕ್ಕದ ಫಲಕವನ್ನು ಕತ್ತರಿಸಿ ಅಕ್ರಿಲಿಕ್ ಕಿಟಕಿ ಕೂರಿಸತೊಡಗಿದರು. ಬಳಿಕ ಇಡೀ ಪೆಟ್ಟಿಗೆಯನ್ನೇ ಅಕ್ರಿಲಿಕ್‌ನಿಂದ ಮಾಡುವ ಪ್ರಯೋಗಗಳು ನಡೆದವು. 2012ರಲ್ಲಿ ರಾಸ್ಪ್‌ಬೆರಿ ಪೈ ಬಿಡುಗಡೆಯಾದ ಮೇಲೆ ಲೇಸರ್‌ನಿಂದ ಕತ್ತರಿಸಿದ ಅಕ್ರಿಲಿಕ್ ಪದರಗಳ ಪುಟ್ಟ ಕವಚಗಳು ಜನಪ್ರಿಯವಾದವು. ದೊಡ್ಡ ಕ್ಯಾಬಿನೆಟ್‌ಗಳ ಮಾರುಕಟ್ಟೆಯಲ್ಲಿ ಅಕ್ರಿಲಿಕ್ ಫಲಕಗಳ ಸ್ಥಾನವನ್ನು ಮುಂದೆ ಬಹುಮಟ್ಟಿಗೆ ಹದಗೊಳಿಸಿದ ಗಾಜು ಆಕ್ರಮಿಸಿತು.

ವಸ್ತುವಿನ ಗುಣಗಳು

ಅಕ್ರಿಲಿಕ್ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 92ರಷ್ಟನ್ನು ಹಾಯಿಸುತ್ತದೆ. ಸಾಂದ್ರತೆ ಪ್ರತಿ ಘನ ಸೆಂ.ಮೀ.ಗೆ ಸುಮಾರು 1.19 ಗ್ರಾಂ, ಅಂದರೆ ಗಾಜಿನ ಅರ್ಧಕ್ಕಿಂತ ಕಡಿಮೆ. 45 ಸೆಂ.ಮೀ. ಎತ್ತರ, 45 ಸೆಂ.ಮೀ. ಆಳ ಮತ್ತು 20 ಸೆಂ.ಮೀ. ಅಗಲದ ಪೆಟ್ಟಿಗೆಯನ್ನು 5 ಮಿ.ಮೀ. ಹಾಳೆಯಿಂದ ಮಾಡಿದರೆ ಆರು ಫಲಕಗಳ ತೂಕ ಸುಮಾರು ನಾಲ್ಕೂವರೆ ಕಿ.ಗ್ರಾಂ. ಆಗುತ್ತದೆ.

ಸುಮಾರು 105 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಅಕ್ರಿಲಿಕ್ ಮೆದುವಾಗುತ್ತದೆ. ಬಿಸಿಗೆ ಅದು ಉಕ್ಕಿಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ: 400 ಮಿ.ಮೀ. ಉದ್ದದ ಫಲಕದ ಉಷ್ಣತೆ 30 ಡಿಗ್ರಿ ಏರಿದರೆ ಉದ್ದ ಸುಮಾರು 0.8 ಮಿ.ಮೀ. ಹೆಚ್ಚುತ್ತದೆ. ಆದ್ದರಿಂದ ತಿರುಪಿನ ರಂಧ್ರಗಳನ್ನು ತುಸು ಸಡಿಲವಾಗಿ ಕೊರೆಯಲಾಗುತ್ತದೆ. ಬಿಗಿಯಾದ ರಂಧ್ರದ ಅಂಚಿನಲ್ಲಿ ಕಾಲಕ್ರಮೇಣ ಬಿರುಕು ಮೂಡುತ್ತದೆ.

ಮಾರುಕಟ್ಟೆಯಲ್ಲಿ ಎರಕದ ಹಾಳೆ ಮತ್ತು ಎಕ್ಸ್‌ಟ್ರೂಡೆಡ್ ಹಾಳೆ ಎಂಬ ಎರಡು ಬಗೆಗಳಿವೆ. ಎರಕದ ಹಾಳೆಯಲ್ಲಿ ಒಳಒತ್ತಡ ಕಡಿಮೆಯಿದ್ದು, ಕೊರೆಯುವಾಗ ಕರಗಿ ಅಂಟಿಕೊಳ್ಳುವ ಸಂಭವವೂ ಕಡಿಮೆ. ಎಕ್ಸ್‌ಟ್ರೂಡೆಡ್ ಹಾಳೆಯ ದಪ್ಪ ಹೆಚ್ಚು ಸಮನಾಗಿದ್ದು ಬೆಲೆ ಅಗ್ಗವಾಗಿರುತ್ತದೆ.

ಅಳತೆಗಳು

ಮೇಜಿನ ಗಣಕಯಂತ್ರಗಳ ಭಾಗಗಳು ಬಹುತೇಕ ಎಟಿಎಕ್ಸ್ ಮಾನದಂಡವನ್ನು ಅನುಸರಿಸುತ್ತವೆ. ಇದನ್ನು ಇಂಟೆಲ್ ಸಂಸ್ಥೆ 1995ರಲ್ಲಿ ರೂಪಿಸಿತು. ವಿನ್ಯಾಸಕ್ಕೆ ಬೇಕಾಗುವ ಮುಖ್ಯ ಅಳತೆಗಳು ಹೀಗಿವೆ:

• ಎಟಿಎಕ್ಸ್ ಮದರ್‌ಬೋರ್ಡ್: 305 × 244 ಮಿ.ಮೀ.
• ಮೈಕ್ರೊ ಎಟಿಎಕ್ಸ್: 244 × 244 ಮಿ.ಮೀ.
• ಮಿನಿ ಐಟಿಎಕ್ಸ್: 170 × 170 ಮಿ.ಮೀ.
• ಹಿಂಬದಿಯ ಸಂಪರ್ಕ ಕಿಂಡಿಗಳ ತೆರಪು: 158.75 × 44.45 ಮಿ.ಮೀ.
• ವಿಸ್ತರಣಾ ಕಾರ್ಡುಗಳ ನಡುವಣ ಅಂತರ: 20.32 ಮಿ.ಮೀ.
• ಎಟಿಎಕ್ಸ್ ಎಸ್‌ಎಂಪಿಎಸ್: ಅಗಲ 150, ಎತ್ತರ 86, ಆಳ ಸಾಮಾನ್ಯವಾಗಿ 140 ಮಿ.ಮೀ.
• 120 ಮಿ.ಮೀ. ಫ್ಯಾನಿನ ತಿರುಪುಗಳ ಅಂತರ: 105 ಮಿ.ಮೀ.

ಹಿಂಬದಿಯ ತೆರಪಿನಲ್ಲಿ ಒಂದು ಮಿ.ಮೀ. ತಪ್ಪಿದರೂ ಕಾರ್ಡುಗಳು ಸರಿಯಾಗಿ ಕೂರುವುದಿಲ್ಲ. ಈ ಕಾರಣದಿಂದ ಅನೇಕರು ಗುಜರಿಗೆ ಹೋಗಬೇಕಾದ ಹಳೆಯ ಉಕ್ಕಿನ ಕ್ಯಾಬಿನೆಟ್ಟಿನ ಹಿಂಬದಿಯ ತಗಡನ್ನೂ ಮದರ್‌ಬೋರ್ಡ್ ತಟ್ಟೆಯನ್ನೂ ಬಿಚ್ಚಿ ಅಕ್ರಿಲಿಕ್ ಪೆಟ್ಟಿಗೆಯೊಳಗೆ ಮರುಬಳಸುತ್ತಾರೆ. ಇದರಿಂದ ಭಾರವಾದ ಗ್ರಾಫಿಕ್ಸ್ ಕಾರ್ಡಿಗೆ ಆಧಾರ ದೊರೆಯುತ್ತದೆ, ಭೂಸಂಪರ್ಕದ ಕೆಲಸವೂ ಸುಲಭವಾಗುತ್ತದೆ.

ನಿರ್ಮಾಣ ವಿಧಾನ

ಮೊದಲು ರಟ್ಟಿನಲ್ಲಿ ಪೂರ್ಣ ಅಳತೆಯ ಮಾದರಿಯನ್ನು ಮಾಡಿ ಭಾಗಗಳನ್ನು ಕೂರಿಸಿ ನೋಡುವುದು ರೂಢಿ. ಸಂಸ್ಕಾರಕದ ಮೇಲಿನ ಗೋಪುರದಂತಹ ಕೂಲರ್ ಸುಮಾರು 160 ಮಿ.ಮೀ. ಎತ್ತರವಿರಬಹುದಾದ್ದರಿಂದ ಪೆಟ್ಟಿಗೆಯ ಅಗಲವನ್ನು ಅದಕ್ಕೆ ತಕ್ಕಂತೆ ನಿರ್ಧರಿಸಬೇಕಾಗುತ್ತದೆ.

ಕತ್ತರಿಸುವಿಕೆ: ಇಂಗಾಲದ ಡೈಆಕ್ಸೈಡ್ ಲೇಸರ್ ಯಂತ್ರವು ಅಕ್ರಿಲಿಕ್ ಹಾಳೆಯನ್ನು ಹೊಳೆಯುವ ಅಂಚಿನೊಂದಿಗೆ ಕತ್ತರಿಸುತ್ತದೆ. ಲೇಸರ್ ಕಿರಣವು ತಾನು ಸಾಗಿದ ಗೆರೆಯಲ್ಲಿ ಒಂದಿಷ್ಟು ವಸ್ತುವನ್ನು ಆವಿಯಾಗಿಸುವುದರಿಂದ, ಒಂದಕ್ಕೊಂದು ಸೇರುವ ಗಾಡಿ ಮತ್ತು ನಾಲಿಗೆಗಳ ಅಳತೆಯಲ್ಲಿ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಅಕ್ರಿಲಿಕ್ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಯಂತ್ರ ನಡೆಯುತ್ತಿರುವಾಗ ಯಾರಾದರೂ ಪಕ್ಕದಲ್ಲಿರಬೇಕು. ನೋಡಲು ಇದರಂತೆಯೇ ಇರುವ ಪಿವಿಸಿ ಹಾಳೆಯನ್ನು ಲೇಸರ್‌ಗೆ ಒಡ್ಡಬಾರದು. ಅದರಿಂದ ಹೈಡ್ರೊಜನ್ ಕ್ಲೋರೈಡ್ ಎಂಬ ವಿಷಕಾರಿ ಅನಿಲ ಹೊರಬರುತ್ತದೆ. ಕೈಯಿಂದ ಕತ್ತರಿಸುವವರು ಹಾಳೆಯ ಮೇಲೆ ಹಲವು ಬಾರಿ ಗೀರಿ ಮೇಜಿನ ಅಂಚಿನಲ್ಲಿಟ್ಟು ಮುರಿಯುತ್ತಾರೆ.

ಬಾಗಿಸುವಿಕೆ: ಬಿಸಿಯಾದ ನಿಕ್ರೋಮ್ ತಂತಿಯ ಮೇಲೆ ಹಾಳೆಯ ಒಂದು ಗೆರೆಯನ್ನಷ್ಟೇ 150ರಿಂದ 160 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಬಾಗಿಸಲಾಗುತ್ತದೆ. ಬಾಗಿದ ಮೂಲೆ ಅಂಟಿಸಿದ ಮೂಲೆಗಿಂತ ಗಟ್ಟಿ.

ಜೋಡಣೆ: ಕ್ಲೋರೊಫಾರ್ಮ್ ಅಥವಾ ಡೈಕ್ಲೋರೊಮೀಥೇನ್ ದ್ರಾವಕವನ್ನು ಸಿರಿಂಜಿನಿಂದ ಸಂದಿಗೆ ಬಿಟ್ಟರೆ ಎರಡೂ ಅಂಚುಗಳು ಕರಗಿ ಒಂದಾಗುತ್ತವೆ. ಈ ದ್ರಾವಕಗಳ ಆವಿ ಹಾನಿಕರವಾದ್ದರಿಂದ ಗಾಳಿಯಾಡದ ಕೋಣೆಯಲ್ಲಿ ಇವನ್ನು ಬಳಸಬಾರದು. ಡೈಕ್ಲೋರೊಮೀಥೇನ್ ಸಾಧಾರಣ ರಬ್ಬರ್ ಕೈಗವಸುಗಳನ್ನು ಬೇಗನೆ ದಾಟುತ್ತದೆ. ಬಿಚ್ಚಬೇಕಾದ ಫಲಕಗಳನ್ನು ತಿರುಪು ಮತ್ತು ಹಿತ್ತಾಳೆಯ ಸ್ಪೇಸರ್‌ಗಳಿಂದ ಜೋಡಿಸಲಾಗುತ್ತದೆ.

ಹಾಳೆಯ ರಕ್ಷಣಾ ಕಾಗದವನ್ನು ಸುಲಿಯುವಾಗ ಸ್ಥಾಯಿ ವಿದ್ಯುತ್ ಉಂಟಾಗುತ್ತದೆ. ಇದು ಸೂಕ್ಷ್ಮ ಚಿಪ್ಪುಗಳಿಗೆ ಅಪಾಯಕಾರಿಯಾದ್ದರಿಂದ ಮದರ್‌ಬೋರ್ಡ್ ಕೂರಿಸುವ ಮೊದಲೇ ಕಾಗದ ತೆಗೆಯುವುದು ಸೂಕ್ತ.

ವಿದ್ಯುತ್ ಸುರಕ್ಷತೆ

ಉಕ್ಕಿನ ಕ್ಯಾಬಿನೆಟ್ಟಿನಲ್ಲಿ ಎಸ್‌ಎಂಪಿಎಸ್‌ನ ಲೋಹದ ಮೈ ತಿರುಪುಗಳ ಮೂಲಕ ಇಡೀ ಪೆಟ್ಟಿಗೆಗೆ ಕೂಡಿಕೊಂಡಿರುತ್ತದೆ. ಆ ಮೂಲಕ ಪೆಟ್ಟಿಗೆಯು ಮೂರು ಪಿನ್ನಿನ ಪ್ಲಗ್ಗಿನ ಅರ್ಥಿಂಗ್ ತಂತಿಗೆ ಸೇರುತ್ತದೆ. ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಈ ಕೊಂಡಿ ತುಂಡಾಗುತ್ತದೆ. ಹೀಗಾಗಿ ಹಾರ್ಡ್ ಡಿಸ್ಕಿನ ಚೌಕಟ್ಟು, ಫ್ಯಾನಿನ ಲೋಹದ ಜಾಲರಿ, ಹಿಂಬದಿಯ ತಗಡು ಮೊದಲಾದ ಪ್ರತಿಯೊಂದು ಲೋಹದ ಭಾಗವನ್ನೂ ತಂತಿಯಿಂದ ಎಸ್‌ಎಂಪಿಎಸ್‌ನ ಮೈಗೆ ಜೋಡಿಸಬೇಕಾಗುತ್ತದೆ. ಪ್ಲಗ್ಗನ್ನು ಗೋಡೆಯಿಂದ ತೆಗೆದ ಸ್ಥಿತಿಯಲ್ಲಿ, ಪ್ಲಗ್ಗಿನ ಅರ್ಥಿಂಗ್ ಪಿನ್ನಿಗೂ ಈ ಭಾಗಗಳಿಗೂ ನಡುವೆ ಸಂಪರ್ಕವಿದೆಯೇ ಎಂದು ಮಲ್ಟಿಮೀಟರ್‌ನಿಂದ ಪರೀಕ್ಷಿಸಬಹುದು.

ಅರ್ಥಿಂಗ್ ಇಲ್ಲದ ಮನೆಗಳಲ್ಲಿ ಉಕ್ಕಿನ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುವುದು ಅನೇಕರ ಅನುಭವ. ಎಸ್‌ಎಂಪಿಎಸ್‌ನ ಒಳಗೆ ಸದ್ದುನಿವಾರಣೆಗೆಂದು ಇರುವ ಕೆಪಾಸಿಟರ್‌ಗಳ ಮೂಲಕ ಅತ್ಯಲ್ಪ ವಿದ್ಯುತ್ ಮೈಗೆ ಹರಿಯುವುದೇ ಇದಕ್ಕೆ ಕಾರಣ. ಅರ್ಥಿಂಗ್ ಇಲ್ಲದಿದ್ದಾಗ ಆ ಮೈ 230 ವೋಲ್ಟಿನ ಸುಮಾರು ಅರ್ಧದಷ್ಟು ವೋಲ್ಟೇಜಿಗೆ ಏರುತ್ತದೆ. ಅಕ್ರಿಲಿಕ್ ಪೆಟ್ಟಿಗೆಯನ್ನು ಮುಟ್ಟಿದಾಗ ಈ ಜುಮ್ಮು ತಿಳಿಯುವುದಿಲ್ಲ. ದೋಷ ಮಾತ್ರ ಹಾಗೆಯೇ ಉಳಿದು, ತಿರುಪಿನ ತಲೆ, ಯುಎಸ್‌ಬಿ ಕಿಂಡಿಯ ಲೋಹದ ಅಂಚು ಮುಂತಾದ ಕಡೆ ಬೆರಳಿಗೆ ಸಿಗುತ್ತದೆ. ಎಚ್ಚರಿಕೆಯ ಗುರುತು ಮರೆಯಾಗುವುದರಿಂದ ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಪರೀಕ್ಷೆ ಇಲ್ಲಿ ಇನ್ನಷ್ಟು ಮುಖ್ಯವಾಗುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್ ಮೂಲಕ ಬಳಸಿದರೆ ಈ ಎಲ್ಲ ವ್ಯವಸ್ಥೆಯೂ ನಿರರ್ಥಕ.

ಒಳಭಾಗ ಕಾಣಲೆಂದು ಎಸ್‌ಎಂಪಿಎಸ್‌ನ ಲೋಹದ ಹೊದಿಕೆಯನ್ನು ತೆಗೆದು ಅಕ್ರಿಲಿಕ್ ಹೊದಿಸುವುದು ಅಪಾಯಕಾರಿ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಅದು ಕೆಲಕಾಲ ಉಳಿಯಬಲ್ಲದು. ಅಕ್ರಿಲಿಕ್ ಸಾಮಾನ್ಯ ಗಾಳಿಯಲ್ಲಿ ಹೊತ್ತಿ ಉರಿಯುವ ವಸ್ತು, ಉರಿಯುವಾಗ ತೊಟ್ಟಿಕ್ಕುವುದೂ ಉಂಟು. ಆದ್ದರಿಂದ ಎಸ್‌ಎಂಪಿಎಸ್‌ನ ಲೋಹದ ಹೊದಿಕೆಯೇ ಇಂತಹ ಪೆಟ್ಟಿಗೆಯ ಮುಖ್ಯ ಬೆಂಕಿತಡೆ.

ಲೋಹದ ಪೆಟ್ಟಿಗೆ ವಿದ್ಯುತ್ಕಾಂತೀಯ ಅಲೆಗಳನ್ನು ಬಹುಮಟ್ಟಿಗೆ ಒಳಗೇ ತಡೆಯುತ್ತದೆ. ಅಕ್ರಿಲಿಕ್ ತಡೆಯುವುದಿಲ್ಲವಾದ್ದರಿಂದ ಹತ್ತಿರದ ರೇಡಿಯೊದಲ್ಲಿ ಕರಕರ ಸದ್ದು ಕೇಳಿಬರಬಹುದು.

ಉಷ್ಣ ಮತ್ತು ಗಾಳಿ

ಅಕ್ರಿಲಿಕ್‌ನ ಉಷ್ಣವಾಹಕತೆ ಪ್ರತಿ ಮೀಟರ್ ಕೆಲ್ವಿನ್‌ಗೆ ಸುಮಾರು 0.19 ವ್ಯಾಟ್, ಉಕ್ಕಿನದು 50ರ ಆಸುಪಾಸು. ಗೋಡೆಗಳ ಮೂಲಕ ಶಾಖ ಹೊರಹೋಗುವುದು ಅತ್ಯಲ್ಪವಾದ್ದರಿಂದ ತಂಪಾಗಿಸುವಿಕೆ ಫ್ಯಾನುಗಳನ್ನೇ ಅವಲಂಬಿಸಿದೆ. ಸಾಮಾನ್ಯವಾಗಿ ಮುಂದಿನ ಕೆಳಭಾಗದಿಂದ ಗಾಳಿಯನ್ನು ಒಳಗೆಳೆದು ಹಿಂದಿನ ಮೇಲ್ಭಾಗದಿಂದ ಹೊರಬಿಡಲಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇ 10ರಷ್ಟು ತೆಳು. 300 ವ್ಯಾಟ್ ಶಾಖ ಹೊಮ್ಮಿಸುವ ಗಣಕಯಂತ್ರದ ಒಳಗಾಳಿ ಹೊರಗಿನದಕ್ಕಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದಿರಬೇಕಾದರೆ, ಮಂಗಳೂರಿನಲ್ಲಿ ಗಂಟೆಗೆ ಸುಮಾರು 92 ಘನ ಮೀಟರ್ ಗಾಳಿ ಸಾಕಾದರೆ ಬೆಂಗಳೂರಿನಲ್ಲಿ ಸುಮಾರು 103 ಘನ ಮೀಟರ್ ಬೇಕಾಗುತ್ತದೆ.

ಬೆಂಗಳೂರಿನಲ್ಲಿ

ಬೆಂಗಳೂರಿನ ಪೂರ್ವಭಾಗದ ಮಾರತ್ತಹಳ್ಳಿಯು ಹೊರವರ್ತುಲ ರಸ್ತೆ ಮತ್ತು ಹಳೆಯ ವಿಮಾನ ನಿಲ್ದಾಣ ರಸ್ತೆ ಸೇರುವಲ್ಲಿದೆ. ಇದರ ಪಶ್ಚಿಮಕ್ಕೆ 1940ರಲ್ಲಿ ಸ್ಥಾಪನೆಯಾದ ಎಚ್‌ಎಎಲ್, ಪೂರ್ವಕ್ಕೆ ವೈಟ್‌ಫೀಲ್ಡ್‌ನ ತಂತ್ರಾಂಶ ಉದ್ಯಾನಗಳಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಎಚ್‌ಎಎಲ್ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು.

ಗಣಕಯಂತ್ರದ ಬಿಡಿಭಾಗಗಳಿಗೆ ನಗರದ ಎಸ್.ಪಿ. ರಸ್ತೆಯ ಮಾರುಕಟ್ಟೆ ಹೆಸರಾಗಿದೆ. ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಿ ತಗಡಿನ ಕೆಲಸ ನಡೆಯುತ್ತದೆ. ಅಕ್ರಿಲಿಕ್ ಹಾಳೆಗೆ ನಗರದಲ್ಲಿ ನಿರಂತರ ಬೇಡಿಕೆ ಬರುವುದು ನಾಮಫಲಕದ ಅಂಗಡಿಗಳಿಂದ. ನಾಮಫಲಕಗಳ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ವಿಧಿಸಿದೆ. ಅಕ್ಷರಗಳನ್ನು ಕತ್ತರಿಸುವ ಲೇಸರ್ ಯಂತ್ರವೇ ಕ್ಯಾಬಿನೆಟ್ಟಿನ ಫಲಕವನ್ನೂ ಕತ್ತರಿಸಬಲ್ಲದು. ಅಕ್ಷರ ಕತ್ತರಿಸಿ ಉಳಿದ ತುಂಡುಗಳು ರಾಸ್ಪ್‌ಬೆರಿ ಪೈಯಂತಹ 85 × 56 ಮಿ.ಮೀ. ಫಲಕದ ಕವಚಕ್ಕೆ ಸಾಕಾಗುತ್ತವೆ.

ಹೊರವರ್ತುಲ ರಸ್ತೆಯ ಆಸುಪಾಸಿನ ಕಟ್ಟಡ ಮತ್ತು ಮೆಟ್ರೊ ಕಾಮಗಾರಿಗಳ ಧೂಳು ಪಾರದರ್ಶಕ ಪೆಟ್ಟಿಗೆಯಲ್ಲಿ ಬೇಗನೆ ಎದ್ದು ಕಾಣುತ್ತದೆ. ಗಾಳಿ ಒಳಬರುವ ಕಡೆ ತೊಳೆಯಬಹುದಾದ ಜಾಲರಿ ಹಾಕಿ, ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿರುವಂತೆ ಫ್ಯಾನುಗಳನ್ನು ಹೊಂದಿಸಿದರೆ ಸಂದಿಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ.

ನಿರ್ವಹಣೆ ಮತ್ತು ಮರುಬಳಕೆ

ಅಕ್ರಿಲಿಕ್ ಮೇಲ್ಮೈಯಲ್ಲಿ ಸುಲಭವಾಗಿ ಗೀರು ಬೀಳುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗೀರಿನ ಜೊತೆಗೆ ಸ್ಥಾಯಿ ವಿದ್ಯುತ್ತೂ ಉಂಟಾಗಿ ಧೂಳು ಮತ್ತಷ್ಟು ಅಂಟುತ್ತದೆ. ಯಂತ್ರವನ್ನು ಆರಿಸಿ, ಫಲಕವನ್ನು ಬಿಚ್ಚಿ, ಸೌಮ್ಯ ಸಾಬೂನು ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಸರಿಯಾದ ಕ್ರಮ. ಆಲ್ಕೊಹಾಲ್ ಅಥವಾ ಅಮೋನಿಯಾ ಇರುವ ಗಾಜಿನ ಸ್ವಚ್ಛಕಗಳು ಲೇಸರ್‌ನಿಂದ ಕತ್ತರಿಸಿದ ಅಂಚುಗಳಲ್ಲಿ ಕೂದಲೆಳೆಯಂತಹ ಬಿರುಕುಗಳನ್ನು ಉಂಟುಮಾಡುತ್ತವೆ.

ಹಳೆಯ ಅಕ್ರಿಲಿಕ್ ಅನ್ನು ಕಾರ್ಖಾನೆಗಳಲ್ಲಿ ಕಾಯಿಸಿ ಮತ್ತೆ ಮೂಲ ದ್ರವವಾದ ಮೀಥೈಲ್ ಮೆಥಾಕ್ರಿಲೇಟ್ ಆಗಿ ಪರಿವರ್ತಿಸಬಹುದು. ಇದನ್ನು ಮನೆಯಲ್ಲಿ ಸುಡುವುದಾಗಲಿ ಕರಗಿಸುವುದಾಗಲಿ ಸುರಕ್ಷಿತವಲ್ಲ.

ಇವನ್ನೂ ನೋಡಿ

• ಮದರ್‌ಬೋರ್ಡ್
• ಲೇಸರ್
• ಭೂಸಂಪರ್ಕ
• ರಾಸ್ಪ್‌ಬೆರಿ ಪೈ
• ವಿದ್ಯುನ್ಮಾನ ತ್ಯಾಜ್ಯ
• ಮಾರತ್ತಹಳ್ಳಿ