ನಮ್ಮ ಚೆನ್ನೆಮಣೆ ಹುಡುಕಿ ಹೊರಟಾಗ

ಬರಹ ಸ್ವಲ್ಪ ಉದ್ದ ಆಯ್ತು, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಕಾಲೊನಿಯ ಮಕ್ಕಳಿಗೆ ಒಂದು ಸಣ್ಣ ಓದುವ ಕೋಣೆ ಮಾಡಿದ್ದೇವೆ. ಪುಸ್ತಕ ಬಂತು, ಕೇರಂ ಬಂತು, ಯಾರೋ ಗೆಳೆಯರು ಮರದ ಚೆಸ್ ಸೆಟ್ ಕೊಟ್ರು. ಅದರ ಪಕ್ಕದಲ್ಲಿ ಒಂದು ಹಳೇ ಚೆನ್ನೆಮಣೆ ಇಡಬೇಕು ಅಂತ ನನಗೆ ಆಸೆ. ಈಗ ಆನ್‌ಲೈನಲ್ಲಿ ಮಾರುವ, ಪಾಲಿಶ್ ಹೊಡೆದ, ಮಡಚುವ ಮಣೆ ಅಲ್ಲ. ಹಲಸಿನ ಮರದ ಒಂದೇ ತುಂಡಿನಲ್ಲಿ ಆಚಾರಿ ಉಳಿಯಿಂದ ಎರಡು ಸಾಲು, ಏಳೇಳು ಗುಳಿ ತೋಡಿದ್ದು. ನೂರಾರು ಕೈ ತಾಗಿ ಅಂಚು ನುಣುಪಾದದ್ದು.

ಮೊದಲು ಕುಂದಾಪುರದಲ್ಲಿ ಹುಡುಕಿದೆ. ಹಳೇ ಮನೆ ಕೆಡವುವಾಗ ಕಂಬ, ಬಾಗಿಲು, ಪತ್ತಾಯ ಖರೀದಿ ಮಾಡುವ ಒಬ್ಬರ ಹತ್ರ ಒಂದು ಮಣೆ ಇತ್ತು. ಅವರು ಹೇಳಿದ ರೇಟಿಗೆ ನಮ್ಮ ಕೋಣೆಗೆ ಇನ್ನೊಂದು ಕಪಾಟು ಪುಸ್ತಕ ಬರ್ತಿತ್ತು. ರೆಸಾರ್ಟಿನವರು ಗೋಡೆಗೆ ತೂಗುಹಾಕ್ಲಿಕ್ಕೆ ತಕೊಂಡು ಹೋಗ್ತಾರಂತೆ. ಆಡ್ಲಿಕ್ಕೆ ಅಲ್ಲ!

ಆಮೇಲೆ ಬ್ರಹ್ಮಾವರದ ಕಡೆ ಒಂದು ದೊಡ್ಡ ಮನೆ. ನನ್ನ ಅಜ್ಜಿ ಆ ಮನೆಯ ಗದ್ದೆಯಲ್ಲಿ ದುಡಿದವಳು. ಯಜಮಾನರು ಮರ್ಯಾದೆಯಿಂದ ಜಗಲಿಯಲ್ಲಿ ಕೂರಿಸಿದ್ರು, ಅಟ್ಟದಿಂದ ಮಣೆ ತಂದು ತೋರಿಸಿದ್ರು. ಚಂದದ ಮಣೆ. ಅಬ್ಬಗ-ದಾರಗ ಅಕ್ಕತಂಗಿಯರ ಕತೆಯೂ ಹೇಳಿದ್ರು. ಚೆನ್ನೆ ಆಡ್ತಾ ಜಗಳ ಬಂದು, ಅಕ್ಕ ಅದೇ ಮಣೆಯಿಂದ ತಂಗಿಗೆ ಹೊಡೆದು, ಕೊಂದು, ಕಡೆಗೆ ತಾನೂ ಬಾವಿಗೆ ಹಾರಿದ ಕತೆ. "ಅದಕ್ಕೇ ಅಕ್ಕತಂಗಿ ಎದುರುಬದುರು ಕೂತು ಆಡ್ಬಾರದು ಅಂತ" ಅಂದ್ರು. ನಾನು ಮಣೆ ಕೈಗೆ ತಕೊಂಡು ಕೇಳಿದೆ, "ನಮ್ಮಜ್ಜಿ ಇದರಲ್ಲಿ ಆಡಿದ್ದು ಉಂಟಾ?" ಅವರು ಸ್ವಲ್ಪ ಹೊತ್ತು ಸುಮ್ಮನಾದ್ರು. "ಅವರೆಲ್ಲ ಅಂಗಳದಿಂದ ಮೇಲೆ ಬರ್ತಿರಲಿಲ್ಲ" ಅಂದ್ರು. ಬಿಸಿ ಚಾ ಬಂತು, ಕುಡಿದು ಎದ್ದು ಬಂದೆ. ಮಣೆ ಕೊಡುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ. ಅದು ಅವರ ಮನೆಯ ನೆನಪು, ಸರಿಯೇ.

ನನಗೆ ಉತ್ತರ ಸಿಕ್ಕಿದ್ದು ಬೈಂದೂರಿನಲ್ಲಿ. ಅಜ್ಜಿಯ ತಂಗಿ ಇನ್ನೂ ಇದ್ದಾಳೆ, ಎಂಬತ್ತು ದಾಟಿದೆ. ಹಳೇ ಚೆನ್ನೆಮಣೆ ಎಲ್ಲಾದ್ರೂ ಉಂಟಾ ಅಂತ ಕೇಳಿದ್ದಕ್ಕೆ ನಕ್ಕಳು. "ಮಣೆ ಎಲ್ಲಿತ್ತ್ ಮಗಾ ನಮ್ಗೆ? ನೆಲ್ದಂಗೆ ಗುಳಿ ತೋಡುದ್, ಆಡುದ್. ಮಳಿ ಬಂದ್ರೆ ಗುಳಿಯೂ ಹೋಯ್ತ್, ಆಟವೂ ಹೋಯ್ತ್." ದೊಡ್ಡ ಮನೆಯವರು ಮಂಜೊಟ್ಟಿ ಕಾಯಿಯಲ್ಲಿ ಆಡಿದ್ರೆ ಇವರದ್ದು ಹುಣಸೆ ಬೀಜ, ಇಲ್ಲದಿದ್ರೆ ಹೊಳೆಯ ಕಲ್ಲು.

ಎರಡು ವಾರ ನಾನು ಹುಡುಕಿದ್ದು ನಮ್ಮ ಹತ್ರ ಯಾವತ್ತೂ ಇಲ್ಲದ ವಸ್ತುವನ್ನು!

ಇಲ್ಲಿಂದ ಚರಿತ್ರೆಯ ಮಾತು. ಅಟ್ಟ ಇದ್ದವರ ಆಟ ಉಳಿಯಿತು, ಅಟ್ಟ ಇಲ್ಲದವರದ್ದು ಮಳೆಗೆ ಹೋಯ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794-1868) ಚದುರಂಗದ ಕುದುರೆ ನಡೆಯ ಸಮಸ್ಯೆ ಕಟ್ಟಿದ್ರು, ಹೊಸ ಹೊಸ ಆಟ ರೂಪಿಸಿದ್ರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೇ ಕೌತುಕ ನಿಧಿ ಅಂತ ಒಂದು ಭಾಗ ಉಂಟು. ಅರಸರ ಆಟಕ್ಕೆ ಗ್ರಂಥ ಆಯ್ತು. ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಪ್ರದರ್ಶನದಲ್ಲಿ ಇಂಥ ಮಣೆಯಾಟಗಳಿಗೆ ಮರುಜೀವ ಕೊಟ್ಟಿದ್ದಾರೆ. ಒಳ್ಳೆ ಕೆಲಸವೇ. ಆದರೆ ನೆಲದ ಗುಳಿಯನ್ನು ಯಾವ ಮ್ಯೂಸಿಯಂ ಬಿಚ್ಚಿ ತರ್ತದೆ? ಹಂಪಿಯ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳು ಇವತ್ತಿಗೂ ಕಾಣ್ತವೆ. ಅದು ಕಲ್ಲು, ಅದಕ್ಕೇ ಉಳಿಯಿತು.

ಅಬ್ಬಗ-ದಾರಗರ ಕತೆಯನ್ನೇ ನೋಡಿ. ಅದು ತುಳುವಿನ ಸಿರಿ ಪಾಡ್ದನದ್ದು. 1990ರಲ್ಲಿ ಗೋಪಾಲ ನಾಯ್ಕರು ಹೇಳಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ತಂಡ ದಾಖಲಿಸಿತು. 15 ಸಾವಿರಕ್ಕೂ ಹೆಚ್ಚು ಸಾಲು. ಅದಕ್ಕೂ ಮೊದಲು ಪಾಡ್ದನಗಳು ಉಳಿದದ್ದು ಎಲ್ಲಿ? ನೇಜಿ ನೆಡುವ ಹೆಂಗಸರ ಬಾಯಲ್ಲಿ. ಕೆಸರಲ್ಲಿ ಬಗ್ಗಿ ನೆಟ್ಟವರು ಮಣೆಯ ಕತೆಯನ್ನು ಹಾಡಿ ಉಳಿಸಿದ್ರು. ಮಣೆ ಮಾತ್ರ ಜಗಲಿಯ ಮೇಲೆ.

ಈ ಆಟ ಆಸಾಡಿಯದ್ದು (ತುಳುವಿನವರ ಆಟಿ). ಹೊರಗೆ ಕಾಲಿಡಲಿಕ್ಕಾಗದ ಮಳೆ, ನಾಟಿ ಮುಗಿದ ಬಿಡುವು. ಬಿಡುವು ಯಾರಿಗೆ? ಪತ್ತಾಯದಲ್ಲಿ ಅಕ್ಕಿ ಇದ್ದವರಿಗೆ. ಕೂಲಿಯವರಿಗೆ ಕೆಲಸ ಇಲ್ಲ ಅಂದ್ರೆ ಒಲೆ ಉರಿಯುವುದಿಲ್ಲ. ಚಗಟೆ ಸೊಪ್ಪು, ಕೆಸು, ಕಳಲೆ, ಹಲಸಿನ ಬೀಜದಲ್ಲಿ ತಿಂಗಳು ದೂಡುವುದು. ಈಗ ಆಸಾಡಿ ಹಬ್ಬದ ಸ್ಟೇಜಿನಲ್ಲಿ ಅದೇ ಸೊಪ್ಪಿನ ಪಲ್ಯಕ್ಕೆ ಕ್ಯೂ ನಿಲ್ತಾರೆ. ನಿಲ್ಲಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಹಸಿವಿನ ಅಡುಗೆ ಅಂತ ಯಾರಾದ್ರೂ ಮೈಕಿನಲ್ಲಿ ಹೇಳಲಿ.

ಇನ್ನು ಆಟದ ಲೆಕ್ಕ. ಚೆನ್ನೆಯಲ್ಲಿ 14 ಗುಳಿ, ಒಂದೊಂದರಲ್ಲಿ 4 ಕಾಯಿ, ಒಟ್ಟು 56. ಇಬ್ಬರಿಗೂ 28-28. ಚದುರಂಗದ ಹಾಗೆ ರಾಜ, ಮಂತ್ರಿ, ಕಾಲಾಳು ಅಂತ ಇಲ್ಲ. ಎಲ್ಲ ಕಾಯಿಯೂ ಒಂದೇ. ಇದನ್ನು ನೋಡಿ ಸಮಾನತೆಯ ಆಟ ಅಂತ ಮೊದಲು ನಾನೂ ಖುಷಿಪಟ್ಟೆ. ಆದರೆ ಎರಡನೇ ಸುತ್ತು ನೋಡಿ. ಚದುರಂಗದಲ್ಲಿ ಹೊಸ ಆಟ ಅಂದ್ರೆ ಇಬ್ಬರಿಗೂ ಮತ್ತೆ 16-16. ಚೆನ್ನೆಯಲ್ಲಿ ಹಾಗಲ್ಲ, ಗೆದ್ದ ಕಾಯಿ ಗೆದ್ದವನ ಹತ್ರವೇ. ನಿಮಗೆ 20 ಕಾಯಿ ಉಳಿದಿದ್ರೆ ಐದೇ ಗುಳಿ ತುಂಬ್ತದೆ, ಎರಡು ಗುಳಿ ಹೋಯ್ತು. ಎದುರಿನವನಿಗೆ ಏಳೂ ತುಂಬಿ ಎಂಟು ಕಾಯಿ ಕೈಯಲ್ಲಿ. ನಿಯಮ ಇಬ್ಬರಿಗೂ ಒಂದೇ, ಕೂತ ಜಾಗ ಮಾತ್ರ ಬೇರೆ.

ನಮ್ಮ ಭೂಮಿಯ ಕತೆ ಇದೇ ಅಲ್ವಾ? 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯಲ್ಲೇ ಕುಂದಾಪುರ, ಬೈಂದೂರು ದಾಟಿ ಹೋದವನು. ಕೊಂಡು ಮಾರುವ ಗುಲಾಮ ಆಳುಗಳ ಬಗ್ಗೆ ಬರೆದಿಟ್ಟಿದ್ದಾನೆ. 1843ರ ಕಾಯ್ದೆ ಗುಲಾಮಗಿರಿಯ ಕಾನೂನು ಬಲ ತೆಗೆಯಿತು, ಮೂಲದಾಳು ಪದ್ಧತಿ ಮಾತ್ರ ನಡೆದೇ ನಡೆಯಿತು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂದಾಗ ಫಾರಂ 7 ತುಂಬಿದ ಗೇಣಿದಾರರಿಗೆ ಭೂಮಿ ಸಿಕ್ಕಿತು. ದೊಡ್ಡ ಬದಲಾವಣೆ ಅದು, ಸಣ್ಣದು ಮಾಡಿ ಹೇಳುವುದಿಲ್ಲ. ಆದರೆ ಗೇಣಿಯೇ ಇಲ್ಲದೆ ಬರೀ ಆಳಾಗಿ ದುಡಿದವನು ಫಾರಂನಲ್ಲಿ ಏನು ಬರೆಯಬೇಕಿತ್ತು? ಎರಡನೇ ಸುತ್ತಿಗೆ ನಮ್ಮ ಕೈಯಲ್ಲಿ ಕಾಯಿಯೇ ಇರಲಿಲ್ಲ.

ನಮಗಿಂತಲೂ ಕೆಳಗೆ ತಳ್ಳಿದ್ದು ಕೊರಗರನ್ನು. ಅವರ ಮೇಲಿನ ಅಜಲು ನಿಷೇಧಿಸುವ ಕಾಯ್ದೆ ಬರಲಿಕ್ಕೆ 2000ನೇ ಇಸವಿ ಆಗಬೇಕಾಯ್ತು. 1993ರ ಆಗಸ್ಟ್ 18ಕ್ಕೆ ಅವರು ಭೂಮಿಗಾಗಿ ಬೀದಿಗಿಳಿದರು, ಆ ದಿನವೇ ಇವತ್ತಿಗೂ ಅವರ ಭೂಮಿ ಹಬ್ಬ. ಡಾ. ಮಹಮ್ಮದ್ ಪೀರ್ ವರದಿ 1994ರಲ್ಲೇ ಕುಟುಂಬಕ್ಕೆ ಎರಡೂವರೆ ಎಕ್ರೆ ಕೊಡಿ ಅಂತ ಹೇಳಿತು. ಡಿ.ಸಿ. ಮನ್ನಾ ಭೂಮಿ ಅಂತ ಬ್ರಿಟಿಷರ ಕಾಲದಿಂದ ನಮ್ಮ ಹೆಸರಿಗೇ ಕಾದಿಟ್ಟದ್ದು ಉಂಟು. ಅದನ್ನು ಹಂಚಿ ಅಂತ ಅರ್ಜಿ, ಧರಣಿ ಇನ್ನೂ ಮುಗಿದಿಲ್ಲ. ಆಟ ನಿಲ್ಲಿಸಿ ಕಾಯಿ ಸಮ ಹಂಚಿ ಅಂತ ಕೇಳುವುದನ್ನು ಕೆಲವರು 'ಬಿಟ್ಟಿ ಭಾಗ್ಯ' ಅಂತಾರೆ. ಮೊದಲ ಸುತ್ತು ಹೇಗೆ ಗೆದ್ದದ್ದು ಅಂತ ಮಾತ್ರ ಹೇಳುವುದಿಲ್ಲ.

ಕಡೆಗೆ ನಮ್ಮ ಕೋಣೆಗೆ ಹಳೇ ಮಣೆ ತರಲಿಲ್ಲ. ದೊಡ್ಡಜ್ಜಿಯನ್ನು ಆಟೋದಲ್ಲಿ ಕರ್ಕೊಂಡು ಬಂದೆವು. ಎದುರಿನ ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಆಗಿತ್ತು, ಹಿಂದೆ ಬಚ್ಚಲಿನ ಹತ್ರ ಸ್ವಲ್ಪ ಮಣ್ಣು ಸಿಕ್ಕಿತು. ಅವಳೇ ಗೆರಟೆಯಲ್ಲಿ ಹದಿನಾಲ್ಕು ಗುಳಿ ತೋಡಿದಳು. ಮಕ್ಕಳು ಮೂರು ಆಟ ಆಡಿದ್ರು, ಮೂರರಲ್ಲೂ ಸೋತ್ರು! ಒಬ್ಬ ಹುಡುಗ ಎಲ್ಲ ವಿಡಿಯೋ ಮಾಡಿ ಇಟ್ಟಿದ್ದಾನೆ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಹಿರಿಯರು ಇದ್ರೆ ಈ ಆಸಾಡಿಯಲ್ಲೇ ಹೋಗಿ ಕೇಳಿ: ಎಲ್ಲಿ ಆಡ್ತಿದ್ರಿ, ಯಾವ ಬೀಜದಲ್ಲಿ, ಯಾರ ಜೊತೆ, ಯಾರು ನೋಡಿದ್ರೆ ಎದ್ದು ಓಡ್ತಿದ್ರಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ, ಊರು, ವರ್ಷ ಬರೆದಿಡಿ. ಜೊತೆಗೆ ನಿಮ್ಮ ಗ್ರಾಮದ ಡಿ.ಸಿ. ಮನ್ನಾ ಸರ್ವೆ ನಂಬರೂ ತೆಗೆದಿಡಿ. ಎರಡೂ ನಮ್ಮದೇ ದಾಖಲೆ. ಮುಂದಿನ ಮಳೆಗಾಲದವರೆಗೆ ಕಾಯುವಷ್ಟು ಆಯುಷ್ಯ ಅವರಲ್ಲಿ ಎಷ್ಟು ಜನರಿಗೆ ಉಂಟೋ.

ಜೈ ಭೀಮ್.