ಜೂಲಿಯಾ ಎಂಬ ಗಣಕಭಾಷೆ

ಗಣಕಯಂತ್ರಕ್ಕೆ ವಿಧಿಗಳನ್ನು ತಿಳಿಸುವ ಭಾಷೆಗಳು ಬಹುಕಾಲ ಎರಡು ಪಂಗಡಗಳಾಗಿದ್ದುವು. 1957ರ ಫೋರ್ಟ್ರಾನ್, 1972ರ ಸಿ ಮೊದಲಾದುವು ವೇಗವುಳ್ಳವು, ಆದರೆ ಬರೆಯಲು ಪ್ರಯಾಸ. 1991ರಲ್ಲಿ ಹೊರಬಿದ್ದ ಪೈಥಾನ್ ಸುಲಭ, ಆದರೆ ಮಂದಗತಿಯದು. ಆದಕಾರಣ ವಿಜ್ಞಾನಿಯು ಸುಲಭಭಾಷೆಯಲ್ಲಿ ರಚಿಸಿದುದನ್ನು ವೇಗಕ್ಕಾಗಿ ಅನೇಕ ವೇಳೆ ಮತ್ತೊಬ್ಬನು ಕಠಿನಭಾಷೆಗೆ ತಿರುಗಿಸಬೇಕಾಗುತ್ತಿದ್ದಿತು. ಶ್ರಮವು ಇಮ್ಮಡಿಯಾಗಿ, ಕರ್ತೃವಿಗೆ ತನ್ನ ಕೃತಿಯೇ ಅಪರಿಚಿತವಾಗುತ್ತಿದ್ದಿತು.

ಈ ಕ್ಲೇಶವನ್ನು ನೀಗಲು 2012ರಲ್ಲಿ ಜೂಲಿಯಾ ಪ್ರಕಟವಾಯಿತು. ಅದರ ನಿರ್ಮಾತೃಗಳು ಬೆಜಾನ್ಸನ್, ಕಾರ್ಪಿನ್ಸ್ಕಿ, ಎಡೆಲ್ಮನ್, ಮತ್ತು ಬೆಂಗಳೂರಿನಲ್ಲಿ ಆಧಾರ್ ಕಾರ್ಯದಲ್ಲಿಯೂ ದುಡಿದ ವಿರಲ್ ಷಾ. ಸುಲಭವಾಗಿ ಬರೆದುದನ್ನು ನಡೆಸುವ ಹೊತ್ತಿನಲ್ಲಿಯೇ ಯಂತ್ರಭಾಷೆಗೆ ಪರಿವರ್ತಿಸುವುದು ಇದರ ಮೊದಲ ಗುಣ.

ಎರಡನೆಯದು ಸೂಕ್ಷ್ಮವಾದುದು. ಗಾಂಧಿ ಬಜಾರಿನಲ್ಲಿ ಹೂವಾಡಗಿತ್ತಿ ಮಾಲೆ ಕಟ್ಟುವಳು, ದಿನಸಿಯವನು ಪೊಟ್ಟಣ ಕಟ್ಟುವನು. ಕ್ರಿಯಾಪದವೊಂದೇ, ಕಟ್ಟುವವರಾರು, ಕಟ್ಟುವುದೇನು ಎಂಬುದರಿಂದ ಕ್ರಮವು ಬೇರೆಯಾಗುವುದು. ಜಾವಾ ಮುಂತಾದುವು ನಡೆಯುವಾಗ ಪ್ರಧಾನವಾದ ಒಂದೇ ವಸ್ತುವಿನ ಜಾತಿಯನ್ನು ನೋಡಿ ಕ್ರಮವನ್ನಾರಿಸುವುವು. ಜೂಲಿಯಾ ಕೂಡಿಬಂದ ಎಲ್ಲವನ್ನೂ ನೋಡುವುದು. ಈ ತತ್ತ್ವವು ಲಿಸ್ಪ್ ಪರಂಪರೆಯಲ್ಲಿ ಮೊದಲೇ ಇದ್ದಿತು. ಅದನ್ನು ವೇಗದೊಡನೆ ಬೆಸೆದು ಇಡೀ ಭಾಷೆಯ ಅಡಿಪಾಯವಾಗಿಸಿದುದೇ ಜೂಲಿಯಾದ ಹೆಚ್ಚಳ.

ಇದರಲ್ಲಿ ಕೊರತೆಯೂ ಉಂಟು. ಮೊದಲ ಸಲ ನಡೆಸುವಾಗ ಪರಿವರ್ತನೆಗಾಗಿ ಕಾಯಬೇಕು. ಪೈಥಾನಿನ ಬಳಗವು ಬಹಳ ದೊಡ್ಡದು. ಆದರೂ 2018ರಲ್ಲಿ 1.0 ಆವೃತ್ತಿಯನ್ನು ಕಂಡ ಈ ಭಾಷೆಯಿಂದ, ಆಲೋಚಿಸಿದವನೇ ತನ್ನ ಲೆಕ್ಕವನ್ನು ಕಡೆಯವರೆಗೂ ನಡೆಸುವ ಮಾರ್ಗವು ತೆರೆಯಿತು.