ಹೊರಗಿನ ಫ್ಲಡ್‌ಲೈಟ್ ವೈರಿಂಗ್: ಹಸಿರು ವೈರ್ ಕತ್ತರಿಸಿ ಬಿಡಬೇಡಿ

ಗೇಟಿಗೋ ಟೆರೇಸಿಗೋ ಎಲ್‌ಇಡಿ ಫ್ಲಡ್‌ಲೈಟ್ ತಂದಿದ್ದೀರಾ? ಅದರಲ್ಲಿ ಸಾಮಾನ್ಯವಾಗಿ ಮೂರು ವೈರ್ ಇರುತ್ತವೆ. ಕಂದು ಬಣ್ಣದ್ದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥಿಂಗ್.

ಗೊಂದಲ ಶುರುವಾಗುವುದು ಗೋಡೆಯಿಂದ ಬರುವ ವೈರ್ ನೋಡಿದಾಗ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ತ್ರೀ ಫೇಸ್ ಸಂಪರ್ಕವಿದ್ದರೆ ಹಳದಿ, ನೀಲಿ ಕೂಡ ಫೇಸ್! ಹಾಗಾಗಿ ನೀಲಿಗೆ ನೀಲಿ ಎಂದು ಸೇರಿಸುವಂತಿಲ್ಲ. ಅಕಸ್ಮಾತ್ ಎರಡು ಫೇಸ್ ಸೇರಿದರೆ 230 ವೋಲ್ಟ್ ಲೈಟಿಗೆ ಸುಮಾರು 400 ವೋಲ್ಟ್ ಬಂದು ಅದು ಸುಟ್ಟೇ ಹೋದೀತು. ಯಾವುದು ಯಾವ ವೈರ್ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಿ. ವೈರ್ ಸೇರಿಸುವಾಗ ಮೇನ್ ಸ್ವಿಚ್ ಆಫ್ ಇರಲಿ.

ಎರಡೇ ವೈರ್ ಸೇರಿಸಿದರೂ ಲೈಟ್ ಉರಿಯುತ್ತದೆ. ಅದಕ್ಕೇ ಹಸಿರು ವೈರನ್ನು ಕತ್ತರಿಸಿ ಟೇಪ್ ಸುತ್ತಿ ಬಿಡುವವರಿದ್ದಾರೆ. ಅಪಾಯ ಇರುವುದೇ ಇಲ್ಲಿ. ಈ ಲೈಟುಗಳ ಬಾಡಿ ಸಾಮಾನ್ಯವಾಗಿ ಅಲ್ಯೂಮಿನಿಯಂ. ಮಳೆನೀರು ಒಳಗಿಳಿದು ಫೇಸ್ ಬಾಡಿಗೆ ತಗುಲಿದರೆ, ಅರ್ಥಿಂಗ್ ಇದ್ದಾಗ ಕರೆಂಟ್ ಆ ದಾರಿಯಲ್ಲಿ ಹರಿದು 30 ಮಿಲಿಆಂಪಿಯರ್ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ.

ಸ್ವಿಚ್ ಫೇಸ್ ವೈರ್ ಮೇಲೇ ಇರಬೇಕು. ಆಫ್ ಮಾಡಿದ ಮೇಲೂ ಲೈಟ್ ಮಂದವಾಗಿ ಮಿನುಗುತ್ತಿದ್ದರೆ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರಬಹುದು. ಇಂಡಿಕೇಟರ್ ಇರುವ ಸ್ವಿಚ್‌ನಲ್ಲೂ ಹೀಗಾಗುವುದುಂಟು, ಅದು ಬೇರೆ ಮಾತು.

ಇನ್ನು ಪೆಟ್ಟಿಗೆ ಮೇಲಿನ ಐಪಿ65 ಅಕ್ಷರ. ಅದು ಲೈಟಿಗೆ ಮಾತ್ರ, ನೀವು ಹಾಕುವ ಜಾಯಿಂಟಿಗಲ್ಲ. ಮುಂಬೈಯಂಥ ಮಳೆಗೆ ಬರೀ ಟೇಪ್ ಸಾಲದು. ಜಾಯಿಂಟ್ ವಾಟರ್‌ಪ್ರೂಫ್ ಬಾಕ್ಸ್ ಒಳಗಿರಲಿ, ಕೇಬಲ್ ಅದರ ಕೆಳಗಿನಿಂದ ಒಳಹೋಗಲಿ.